ಎಡಗೈ ತಿರುಚಿದ ತಂತಿ

“ಇದು ಯಾವಾಗ ಬಂದದ್ದು?”

ಬೆನೆಡಿಕ್ಟಾ ಕೇಳಿದಳು. ಅವಳ ಬೆರಳು ಒಂದು ವಾಲ್ವ್‌ನ ಕತ್ತಿನ ಮೇಲಿತ್ತು.

“ಹೋದ ವಾರ ಮೇಡಂ. ಹಡಗಿಂದ ಇಳಿದಿದ್ದೇ ಹೋದ ವಾರ. ಇನ್ನೂ ಪೆಟ್ಟಿಗೆ ವಾಸನೆ ಹೋಗಿಲ್ಲ ನೋಡಿ,” ಎಂದರು ಅನಂತರಾಮು.

ಹೋದ ವಾರ. ರಾಝಿಕ್ ಕಾಣೆಯಾದದ್ದು ಆಗಸ್ಟ್‌ನ ಉರಿಬಿಸಿಲಿನಲ್ಲಿ. ಈಗ ನವೆಂಬರ್. ಹಾಗಾದರೆ ಅವನ ಸೀಲು ಈ ವಾಲ್ವ್‌ನ ಕತ್ತಿಗೆ ಬಂದದ್ದಾದರೂ ಹೇಗೆ?

ತೆಳುವಾದ ತಂತಿ. ಅದರ ತುದಿಯಲ್ಲಿ ಹುಣಸೆಬೀಜದ ಗಾತ್ರದ ಸೀಸದ ಗುಂಡು. ಗುಂಡಿನ ಮೇಲೆ ಇಕ್ಕಳದಿಂದ ಒತ್ತಿದ ಎರಡು ಇಂಗ್ಲಿಷ್ ಅಕ್ಷರ, ಆರ್ ಮತ್ತು ಕೆ, ಕೆಳಗೊಂದು ಚುಕ್ಕೆ. ಇಂಥದ್ದೇ ಗುಂಡೊಂದನ್ನು ಅವಳು ಮೊದಲು ಕಂಡದ್ದು ಇಂಗ್ಲೆಂಡಿನ ಉತ್ತರದ ಪುಟ್ಟ ಊರು ಕೋಲ್‌ಬೆಕ್‌ನಲ್ಲಿ, ಹನಾನ್ ಎಂಬಾಕೆಯ ಕಾರಿನ ಕೀಗೊಂಚಲಿನಲ್ಲಿ. “ನನ್ನ ತಮ್ಮ ಕೆಲಸಕ್ಕೆ ಸೇರಿದ ಮೇಲೆ ಒತ್ತಿದ ಮೊದಲ ಸೀಲು ಮೇಡಂ. ನಂಗೆ ಅಂತ ಕಳಿಸಿದ್ದ. ಈಗ ಅವನೇ ಇಲ್ಲ,” ಎಂದಷ್ಟೇ ಹೇಳಿ ಹನಾನ್ ಅತ್ತಿದ್ದಳು.

ಕೋಲ್‌ಬೆಕ್‌ನಿಂದ ಆರಿಸಿ ಬಂದ ಸಂಸದೆ ಬೆನೆಡಿಕ್ಟಾ. ಶನಿವಾರಗಳಲ್ಲಿ ಕ್ಷೇತ್ರದ ಜನರ ಅಹವಾಲು ಕೇಳಲು ಕೂರುತ್ತಿದ್ದ ಚರ್ಚ್ ಹಾಲ್‌ಗೆ ಹನಾನ್ ಬಂದದ್ದು ಸೆಪ್ಟೆಂಬರ್‌ನಲ್ಲಿ. ಅಂದಿನಿಂದ ಬೆನೆಡಿಕ್ಟಾ ಆ ಕಣ್ಣೀರನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಾಡುತ್ತಿದ್ದಳು.

“ಒಬ್ಬೊಬ್ಬ ಟೆಸ್ಟರ್‌ಗೂ ಅವನದೇ ಇಕ್ಕಳ ಇರುತ್ತೆ ಮೇಡಂ,” ಎಂದು ಅನಂತರಾಮು ಮುಂದುವರಿಸಿದರು. ಮೈಸೂರಿನವರು, ಕೋಲ್‌ಬೆಕ್ ವಾಲ್ವ್ಸ್ ಕಂಪನಿಯ ಕುವೈತ್ ಶಾಖೆಗೆ ಮ್ಯಾನೇಜರ್. ಇಸ್ತ್ರಿ ಮುರಿಯದ ಬಿಳಿ ಅಂಗಿ, ಮಾತಿನಲ್ಲಿ ಬೆಣ್ಣೆ. “ಇಲ್ಲಿ ಪರೀಕ್ಷೆ ಆಗದೆ ಒಂದೂ ಆಚೆ ಹೋಗಲ್ಲ. ನಮ್ಮನೆ ಕುಕ್ಕರ್ ತಲೆ ಮೇಲೆ ಇರುತ್ತಲ್ಲ ಸೇಫ್ಟಿ ವಾಲ್ವು, ಇದು ಅದರ ದೊಡ್ಡಣ್ಣ. ಬಾಯ್ಲರಿನೊಳಗೆ ಒತ್ತಡ ಮಿತಿ ಮೀರಿದ್ರೆ ತಾನಾಗೇ ಬಾಯಿ ಬಿಡಬೇಕು. ಬಿಡಲಿಲ್ಲ ಅನ್ನಿ, ಸುತ್ತಮುತ್ತ ಇರೋರು ಯಾರೂ ಉಳಿಯಲ್ಲ.”

“ಒಬ್ಬರ ಇಕ್ಕಳವನ್ನು ಇನ್ನೊಬ್ಬರು ಬಳಸಬಹುದಾ?”

“ಉಂಟೇ? ಮುಟ್ಟೋ ಹಾಗೇ ಇಲ್ಲ. ಸೀಲು ಅಂದ್ರೆ ಅವನ ಸಹಿ ಇದ್ದಂಗೆ.”

ಬೆನೆಡಿಕ್ಟಾ ತಲೆಯ ಮೇಲಿನ ಹಳದಿ ಹೆಲ್ಮೆಟ್ಟನ್ನು ಸರಿಮಾಡಿಕೊಂಡಳು. ತನ್ನೂರಿನ ಕಂಪನಿಯ ಹೊರದೇಶದ ಶಾಖೆ ನೋಡಲು ಬಂದ ಸಂಸದೆ ಎಂಬ ನೆಪದಲ್ಲಿ ಅವಳು ಈ ಶುಐಬಾದ ವರ್ಕ್‌ಶಾಪಿಗೆ ಕಾಲಿಟ್ಟಿದ್ದಳು. ನೆಪ ಮುರಿಯುವ ಹಾಗಿಲ್ಲ. ಅವಳು ಮೊಬೈಲ್ ತೆಗೆದಳು.

“ಸಾರಿ ಮೇಡಂ, ಇಲ್ಲಿ ಫೋಟೋ ಬಿಡಲ್ಲ.”

“ನಮ್ಮೂರಿನ ಜನ ಕೇಳ್ತಾರೆ. ಅಲ್ಲಿ ತಯಾರಾದದ್ದು ಇಲ್ಲಿಗೆ ಬಂದು ಮುಟ್ಟಿತು ಅಂತ ತೋರಿಸಬೇಡವಾ?”

ಅನಂತರಾಮು ನಕ್ಕರು. “ಹಾಗಾದ್ರೆ ನಾನೇ ತೆಗೀತೀನಿ, ಕೊಡಿ. ಆ ವಾಲ್ವ್ ಪಕ್ಕದಲ್ಲಿ ನಿಂತ್ಕೊಳ್ಳಿ.”

ಹೀಗೆ ಸೀಸದ ಗುಂಡಿನ ಫೋಟೋವನ್ನು ಮ್ಯಾನೇಜರೇ ತಮ್ಮ ಕೈಯಾರೆ ತೆಗೆದುಕೊಟ್ಟರು.

ಆ ಹೊತ್ತಿನಲ್ಲಿ ಬೆನೆಡಿಕ್ಟಾ ಎರಡು ಸಂಗತಿ ಗಮನಿಸಿದಳು. ನೆಲದ ಮೇಲೆ ವಾಲ್ವ್‌ಗಳ ಎರಡು ರಾಶಿ. ದೊಡ್ಡ ರಾಶಿಯ ಸೀಲುಗಳಲ್ಲಿ ಸಿ ಮತ್ತು ಡಿ ಎಂಬ ಅಕ್ಷರ; ಗೋಡೆ ಬದಿಯ ಚಿಕ್ಕ ರಾಶಿಯಲ್ಲಿ ಮಾತ್ರ ರಾಝಿಕ್‌ನ ಅಕ್ಷರ. ಇನ್ನೊಂದು, ಪಕ್ಕದ ಬೆಂಚಿನಲ್ಲಿದ್ದ ಟೆಸ್ಟರ್. ವರ್ಕ್‌ಶಾಪಿನಲ್ಲಿದ್ದವರೆಲ್ಲ ಹೊಸದಾಗಿ ಬಂದ ಹೆಂಗಸನ್ನು ನೋಡುತ್ತಿದ್ದರೆ ಅವನೊಬ್ಬ ನೋಡುತ್ತಿದ್ದದ್ದು ಅವಳ ಬೆರಳ ಕೆಳಗಿನ ಸೀಸದ ಗುಂಡನ್ನು. ಅವಳ ಕಣ್ಣು ಅತ್ತ ಹೊರಳಿದೊಡನೆ ಅವನು ತಿರುಗಿ ನಿಂತ. ಮೇಲಂಗಿಯ ಬೆನ್ನ ಮೇಲೆ ಹೆಸರಿತ್ತು: ಕ್ಲೇಟನ್.

ಆಫೀಸಿನಲ್ಲಿ ಅನಂತರಾಮು ತಾವೇ ಇಳಿಸಿದ ಡಿಕಾಕ್ಷನ್ನಿಗೆ ಹಾಲು ಬೆರೆಸಿ ಕಾಫಿ ಕೊಟ್ಟರು. ಒಂದು ಗುಟುಕು ಕುಡಿದು ಬೆನೆಡಿಕ್ಟಾ ನೇರವಾಗಿ ಕೇಳಿದಳು.

“ರಾಝಿಕ್‌ಗೆ ಏನಾಯಿತು?”

ಅವರ ಮುಖದಲ್ಲಿ ನಗು ಹಾಗೇ ಇತ್ತು. ಕೈಯಲ್ಲಿದ್ದ ಕಾಫಿ ಕಪ್ ಮಾತ್ರ ಮೇಜಿನ ಮೇಲೆ ಕೂತಿತು. “ಒಳ್ಳೇ ಕೆಲಸಗಾರ ಮೇಡಂ. ಯಾವ ಗಾಳಿ ಬಡೀತೋ, ಒಂದು ದಿನ ಬರಲೇ ಇಲ್ಲ. ಕೆಲಸ ಬಿಟ್ಟು ಓಡಿಹೋದ ಅಂತ ನಮ್ಮ ಕಫೀಲ್, ಅಂದ್ರೆ ವೀಸಾಗೆ ಜಾಮೀನು ನಿಂತ ಇಲ್ಲಿಯವರು, ಕಂಪ್ಲೇಂಟ್ ಕೊಡಲೇಬೇಕಾಯ್ತು. ಇಲ್ಲಿನ ಕಾನೂನೇ ಹಾಗೆ.”

“ಅವನ ಇಕ್ಕಳ?”

“ಅದನ್ನೂ ಎತ್ಕೊಂಡೇ ಹೋದ,” ಎಂದರು ಅನಂತರಾಮು. “ಇನ್ನೊಂದು ಸ್ವಲ್ಪ ಕಾಫಿ?”

ಇವರು ಸುಳ್ಳು ಹೇಳುತ್ತಿದ್ದಾರೆಯೇ, ಅಥವಾ ತಮ್ಮ ಅಂಗಳದಲ್ಲೇ ಬಿದ್ದಿರುವ ರಾಶಿಯನ್ನು ಬಗ್ಗಿ ನೋಡುವ ಅಭ್ಯಾಸವೇ ಇಲ್ಲದವರೇ? ಕಾಫಿ ಮುಗಿಯುವವರೆಗೂ ಬೆನೆಡಿಕ್ಟಾಗೆ ಇದು ಬಗೆಹರಿಯಲಿಲ್ಲ.

*

ಮಹಬೂಲಾದ ಎತ್ತರದ ಕಟ್ಟಡಗಳ ನಡುವೆ ಅಬ್ದುಲ್ ನಾಸಿರ್ ಅವರ ಕೆಫೆಟೇರಿಯಾ. ಮಧ್ಯಾಹ್ನದ ಊಟದ ಗದ್ದಲ ಇಳಿದಿತ್ತು. ರಾಝಿಕ್‌ನ ಸೋದರಮಾವ ನಾಸಿರ್ ಬಾಣಲೆಯಿಂದ ಗೋಳಿಬಜೆ ತೆಗೆದು ತಟ್ಟೆಗೆ ಹಾಕಿ, ಅವಳನ್ನು ಹಿಂಬದಿಯ ಮೇಜಿನಲ್ಲಿ ಕೂರಿಸಿದರು. ಅವರದು ಬ್ಯಾರಿ, ಇವಳದು ಕೊಂಕಣಿ. ಇಬ್ಬರಿಗೂ ಸಿಗುವ ಭಾಷೆ ಮಂಗಳೂರಿನ ಕನ್ನಡವೇ.

ಬೆನೆಡಿಕ್ಟಾ ಹುಟ್ಟಿದ್ದೂ ಕುವೈತಿನಲ್ಲೇ. ತಾಯಿ ಆಗ್ನೆಸ್ ಇಲ್ಲಿ ನರ್ಸ್ ಆಗಿದ್ದರು. ಯುದ್ಧ ಬಂದಾಗ ಶಾಲೆಯ ಚೀಲವನ್ನೂ ಬಿಟ್ಟು ಬಸ್ಸು ಹತ್ತಿದ ಹುಡುಗಿ ಆಮೇಲೆ ಮಂಗಳೂರು, ಅಲ್ಲಿಂದ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಕಾರ್ಮಿಕ ಸಂಘ, ನಗರಸಭೆ ಎಂದು ಹತ್ತಿ ಸಂಸತ್ತು ಮುಟ್ಟಿದ್ದಳು. ಆ ದಿನದ ನಂತರ ಈ ನೆಲಕ್ಕೆ ಕಾಲಿಟ್ಟದ್ದು ಈಗಲೇ.

“ಒಂದು ಕೇಳ್ತೇನೆ, ಬೇಸರ ಮಾಡಬಾರದು ಮೇಡಂ,” ಎಂದರು ನಾಸಿರ್. “ನಮ್ಮ ಊರಲ್ಲಿ ಎಂಪಿ ಒಂದು ಫೋನ್ ಹೊಡೆದ್ರೆ ಎಸ್ಪಿ ಎದ್ದು ನಿಲ್ತಾರೆ. ನೀವು ಬ್ರಿಟಿಷ್ ಎಂಪಿ. ನಿಮಗೆ ಇಲ್ಲಿ ಎಂತ ಮಾಡ್ಲಿಕ್ಕೆ ಆಗುದಿಲ್ವಾ?”

“ನನ್ನ ಫೋನಿಗೆ ಅಲ್ಲಿಯೇ ಯಾರೂ ಎದ್ದು ನಿಲ್ಲುದಿಲ್ಲ ನಾಸಿರ್ ಭಾಯಿ. ನಾನು ಮಂತ್ರಿ ಅಲ್ಲ. ಹಿಂದಿನ ಬೆಂಚಿನವಳು. ನಮಗೆ ಇರುದು ಕೇಳುವ ಅಧಿಕಾರ ಮಾತ್ರ.”

“ಕೇಳಿದ್ರಾ?”

“ಕೇಳಿದೆ. ಕಾಣೆಯಾದವ ಬ್ರಿಟಿಷ್ ಪ್ರಜೆ ಅಲ್ಲ, ಹಾಗಾಗಿ ಸರ್ಕಾರಕ್ಕೆ ಸಂಬಂಧ ಇಲ್ಲ ಅಂತ ಉತ್ತರ ಬಂತು. ಕಂಪನಿ ಬ್ರಿಟಿಷರದಲ್ಲವಾ ಅಂತ ಇನ್ನೊಮ್ಮೆ ಕೇಳಿದೆ. ಪರಿಶೀಲಿಸುತ್ತೇವೆ ಅಂದ್ರು.”

“ಪರಿಶೀಲಿಸುತ್ತೇವೆ ಅಂದ್ರೆ ಖಲಾಸ್ ಅಂತ ಅಲ್ವಾ?”

ಬೆನೆಡಿಕ್ಟಾ ನಕ್ಕಳು. “ಇನ್ನೂ ಖಲಾಸ್ ಆಗ್ಲಿಲ್ಲ. ಬರುವ ಮಂಗಳವಾರ ನಂಗೆ ಸದನದಲ್ಲಿ ಅರ್ಧ ಗಂಟೆ ಸಿಕ್ಕಿದೆ. ದಿನದ ಕೊನೆಗೆ, ಎಲ್ಲರೂ ಮನೆಗೆ ಹೊರಟ ಮೇಲೆ. ಬೆಂಚುಗಳು ಖಾಲಿ ಇರ್ತವೆ. ಆದ್ರೆ ಒಬ್ಬ ಮಂತ್ರಿ ಕೂತು ಕೇಳಿ, ಎದ್ದು ನಿಂತು ಉತ್ತರ ಕೊಡಲೇಬೇಕು. ಮತ್ತೆ, ಆ ಗೋಡೆಗಳ ಒಳಗೆ ನಿಂತು ನಾನು ಯಾರ ಹೆಸರು ಹೇಳಿದ್ರೂ ಯಾವ ಕೋರ್ಟಿಗೂ ನನ್ನನ್ನು ಎಳೀಲಿಕ್ಕೆ ಆಗುದಿಲ್ಲ.”

“ಇಲ್ಲಿ ಹೇಳಿದ್ರೆ?”

“ಇಲ್ಲಿ ನಾನು ವಿಸಿಟ್ ವೀಸಾದಲ್ಲಿ ಬಂದ ಒಬ್ಬ ಹೆಂಗಸು. ಸಾಕ್ಷಿ ಇಲ್ಲದೆ ಒಂದು ಹೆಸರು ಬಾಯಿಗೆ ಬಂದ್ರೂ ಕೇಸು.”

ಶಾಲೆಯಲ್ಲಿ ಹಿಂದಿನ ಬೆಂಚಿನವರಿಗೆ ಏನೂ ತಿಳಿಯುವುದಿಲ್ಲ ಎಂದು ಮೇಷ್ಟ್ರುಗಳು ಅಂದುಕೊಳ್ಳುತ್ತಾರೆ. ಸಂಸತ್ತಿನಲ್ಲಿ ಮಂತ್ರಿಗಳೂ ಹಾಗೇ ಅಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಂಡಿರುವುದೇ ಒಳ್ಳೆಯದು ಎಂದು ಬೆನೆಡಿಕ್ಟಾ ಕಲಿತದ್ದು ಬಹಳ ಹಿಂದೆ. ಆದರೆ ಮಂಗಳವಾರ ನಿಂತು ಮಾತಾಡಲು ಅವಳ ಕೈಯಲ್ಲಿ ಒಂದು ಗಟ್ಟಿ ಸಂಗತಿ ಬೇಕಿತ್ತು.

ಅವಳು ಫೋಟೋವನ್ನು ಇಬ್ಬರಿಗೆ ಕಳಿಸಿದಳು. ಒಬ್ಬರು ಗರ್ಟ್ರೂಡ್, ಕೋಲ್‌ಬೆಕ್‌ನಲ್ಲಿರುವ ಅವಳ ಕಚೇರಿಯನ್ನು ನಗರಸಭೆಯ ಕಾಲದಿಂದಲೂ ನಡೆಸಿಕೊಂಡು ಬಂದಾಕೆ. ಮಂಗಳವಾರದ ಭಾಷಣ ಸಿದ್ಧಪಡಿಸುತ್ತಿದ್ದದ್ದು ಆಕೆಯೇ. ಇನ್ನೊಬ್ಬಳು ಹನಾನ್.

ಹನಾನ್ ಕೂಡಲೇ ಕರೆ ಮಾಡಿದಳು. ಬೆನೆಡಿಕ್ಟಾ ಸ್ಪೀಕರ್ ಒತ್ತಿ ಮೊಬೈಲನ್ನು ಮೇಜಿನ ನಡುವೆ ಇಟ್ಟಳು.

“ಮೇಡಂ, ತಂತಿ ನೋಡಿ. ಗುಂಡು ಅಲ್ಲ, ತಂತಿ. ಉಲ್ಟಾ ತಿರುಚಿದ್ದು.”

ಬೆನೆಡಿಕ್ಟಾ ಫೋಟೋವನ್ನು ದೊಡ್ಡದು ಮಾಡಿದಳು. ಹಿಂದೆ ಕಾಣುತ್ತಿದ್ದ ದೊಡ್ಡ ರಾಶಿಯ ತಂತಿಗಳೆಲ್ಲ ಒಂದು ಕಡೆಗೆ ಸುತ್ತಿಕೊಂಡಿದ್ದವು. ಇದು ಮಾತ್ರ ಇನ್ನೊಂದು ಕಡೆಗೆ.

“ಅವನು ಎಡಚ,” ಎಂದಳು ಹನಾನ್. “ಅಕ್ಕಿ ಗೋಣಿ ಕಟ್ಟಿದ್ರೂ ಅವನ ಗಂಟು ಹೀಗೇ. ಉಮ್ಮ ಬಿಚ್ಚಲಿಕ್ಕಾಗದೆ ಬೈತಿದ್ರು. ಇಕ್ಕಳ ಯಾರೂ ಕದೀಬಹುದು ಮೇಡಂ. ಕೈ ಕದೀಲಿಕ್ಕೆ ಆಗುದಿಲ್ಲ.”

ನಾಸಿರ್ ಕುರ್ಚಿ ಎಳೆದು ಕೂತರು. ಕಣ್ಣು ತುಂಬಿ ಬಂತು. “ನನ್ನ ತಂಗಿಯ ಮಗ ಜೀವ ಇದ್ದಾನೆ,” ಎಂದು ತಮಗೆ ತಾವೇ ಹೇಳಿಕೊಂಡರು.

“ಎಲ್ಲಿದ್ದಾನೆ ಅಂತ ಗೊತ್ತಾಯ್ತಾ?” ಹನಾನ್ ಕೇಳಿದಳು. “ಯಾರ ಜೊತೆ ಇದ್ದಾನೆ?”

“ಇನ್ನೂ ಇಲ್ಲ.”

“ಗೊತ್ತಾದ ಕೂಡ್ಲೇ ಮೊದಲು ನಂಗೆ ಹೇಳ್ಬೇಕು ಮೇಡಂ. ಎಷ್ಟು ಹೊತ್ತಾದ್ರೂ. ನಿಯಾಝ್ ಕೂಡ ನಿದ್ದೆ ಮಾಡ್ಲಿಲ್ಲ.” ನಿಯಾಝ್ ಅವಳ ಗಂಡ, ಕೋಲ್‌ಬೆಕ್ ವಾಲ್ವ್ಸ್‌ನ ಪ್ರಧಾನ ಕಚೇರಿಯಲ್ಲೇ ಕೆಲಸ. ಆ ಊರಿನಲ್ಲಿ ಆ ಕಂಪನಿಯ ಅನ್ನ ಉಣ್ಣದ ಮನೆಗಳೇ ಕಡಿಮೆ.

ಬೆನೆಡಿಕ್ಟಾ ಮಾತು ಕೊಟ್ಟಳು.

ಫೋನ್ ಇಟ್ಟ ಮೇಲೆ ಅವಳು ನಾಸಿರ್‌ಗೆ ಕೇಳಿದಳು. “ಕ್ಲೇಟನ್ ಅಂತ ಒಬ್ಬ ಟೆಸ್ಟರ್. ಗೊತ್ತುಂಟಾ?”

“ರಾಝಿಕ್‌ನ ರೂಮ್‌ಮೇಟ್ ಅಲ್ವಾ ಅವ. ಇದೇ ಮೇಜಲ್ಲಿ ಇಬ್ಬರೂ ಒಂದೇ ಪ್ಲೇಟಲ್ಲಿ ತಿಂತಿದ್ರು. ಇವ ಕಾಣೆಯಾದ ಮೇಲೆ ಅವ ಇಲ್ಲಿಗೆ ಬರುದೇ ಬಿಟ್ಟ. ಎದುರು ಸಿಕ್ಕಿದ್ರೆ ರಸ್ತೆ ದಾಟಿ ಹೋಗ್ತಾನೆ.” ನಾಸಿರ್ ಕಣ್ಣು ಒರೆಸಿಕೊಂಡರು. “ಶುಕ್ರವಾರ ರಜೆಯ ದಿನ ಅಹ್ಮದಿ ಇಗರ್ಜಿಯ ಪೂಜೆ ಮಾತ್ರ ತಪ್ಪಿಸುದಿಲ್ಲ.”

*

ಸಂಜೆ ಕಡಲ ಬದಿಯಲ್ಲಿ ನಡೆಯುತ್ತಿದ್ದಾಗ ಲಂಡನ್ನಿನಿಂದ ಕರೆ ಬಂತು. ಅವಳ ಪಕ್ಷದ ಸಚೇತಕ. ಸದಸ್ಯರು ಯಾವಾಗ ಕೈಯೆತ್ತಬೇಕು, ಯಾವಾಗ ಬಾಯಿ ಮುಚ್ಚಬೇಕು ಎಂದು ನೋಡಿಕೊಳ್ಳುವುದೇ ಅವರ ಉದ್ಯೋಗ.

“ಹವಾಮಾನ ಹೇಗಿದೆ, ಬೆನೆಡಿಕ್ಟಾ?”

“ಚೆನ್ನಾಗಿದೆ. ವಿಷಯ ಹೇಳಿ.”

“ಮಂಗಳವಾರದ ನಿಮ್ಮ ಚರ್ಚೆ. ಅದನ್ನು ಹಿಂದೆ ತೆಗೆದುಕೊಳ್ಳಿ. ವಿದೇಶಾಂಗ ಸಮಿತಿಯಲ್ಲಿ ಒಂದು ಸ್ಥಾನ ಖಾಲಿಯಾಗುತ್ತಿದೆ. ನಿಮ್ಮ ಹೆಸರು ಕೇಳಿಬರುತ್ತಿದೆ.”

“ತೆಗೆದುಕೊಳ್ಳದಿದ್ದರೆ?”

“ಆ ಕಂಪನಿ ಮುಚ್ಚಿದರೆ ನಿಮ್ಮ ಊರಿನ ಅರ್ಧದಷ್ಟು ಒಲೆ ಆರುತ್ತವೆ. ಆಗ ನಿಮ್ಮ ಬಾಗಿಲಿಗೆ ಬರುವವರು ಯಾರು ಎಂದು ಯೋಚಿಸಿ. ಯಾವುದೋ ಸೀಸದ ತುಂಡನ್ನು ಹಿಡಿದುಕೊಂಡು ಊರಿನ ಅನ್ನಕ್ಕೆ ಕಲ್ಲು ಹಾಕಬೇಡಿ.”

ಬೆನೆಡಿಕ್ಟಾ ನಿಂತಲ್ಲೇ ನಿಂತಳು.

“ಚರ್ಚೆ ನಡೆಯುತ್ತದೆ,” ಎಂದಳು. “ಆ ಕಂಪನಿಯ ಕಾರ್ಮಿಕರು ನನಗೆ ಮತ ಹಾಕಿದವರು. ತಾವು ಮಾಡಿದ ವಾಲ್ವ್‌ಗೆ ಸೀಲು ಒತ್ತುತ್ತಿದ್ದವನು ಏನಾದ ಎಂದು ತಿಳಿಯುವ ಹಕ್ಕು ಅವರಿಗೂ ಇದೆ. ನಮಸ್ಕಾರ.”

ಕರೆ ಮುಗಿದ ಮೇಲೂ ಮೊಬೈಲ್ ಕೈಯಲ್ಲೇ ಇತ್ತು. ಸೀಸದ ತುಂಡು. ಆ ಮಾತು ಸಚೇತಕರ ಬಾಯಿಗೆ ಬಂದದ್ದು ಎಲ್ಲಿಂದ? ಅನಂತರಾಮು ಆ ಗುಂಡನ್ನು ಗಮನಿಸಿದಂತಿರಲಿಲ್ಲ; ಫೋಟೋ ಹೋದದ್ದು ಇಬ್ಬರಿಗೆ. ಒಬ್ಬಳು ತಮ್ಮನನ್ನು ಕಳೆದುಕೊಂಡ ಅಕ್ಕ. ಉಳಿದದ್ದು ಗರ್ಟ್ರೂಡ್.

ಗರ್ಟ್ರೂಡ್ ಅವಳ ಮಕ್ಕಳ ಹುಟ್ಟುಹಬ್ಬಕ್ಕೆ ಕೇಕ್ ಮಾಡಿ ತರುವಾಕೆ. ಸೋತ ಮೊದಲ ಚುನಾವಣೆಯ ದಿನ ಅವಳ ಜೊತೆ ಕೂತು ಅತ್ತವಳು. ಆದರೂ ಬೆನೆಡಿಕ್ಟಾ ಒಂದು ನಿರ್ಧಾರಕ್ಕೆ ಬಂದಳು: ಇನ್ನು ಮುಂದೆ ಕಚೇರಿಗೆ ಒಂದಕ್ಷರವೂ ಹೋಗಕೂಡದು. ಭಾಷಣವನ್ನು ತಾನೇ ಬರೆಯಬೇಕು.

*

ಶುಕ್ರವಾರ ಬೆಳಗಿನ ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿದಿದ್ದರು. ಕೊಂಕಣಿ, ಮಲಯಾಳಂ, ತಗಾಲೋಗ್ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಕ್ಲೇಟನ್ ಮೇಣದಬತ್ತಿ ಹಚ್ಚಿ ತಿರುಗಿದಾಗ ಎದುರಿಗೆ ಬೆನೆಡಿಕ್ಟಾ ನಿಂತಿದ್ದಳು.

ಅವನು ಪಕ್ಕಕ್ಕೆ ಸರಿದ. ಅವಳೂ ಸರಿದಳು.

“ನಂಗೆ ಅರ್ಜೆಂಟ್ ಉಂಟು ಮೇಡಂ.”

“ನಂಗೂ ಉಂಟು. ಮಂಗಳವಾರದ ಒಳಗೆ ಲಂಡನ್ನಿಗೆ ಮುಟ್ಟಬೇಕು.” ಮಾತು ಕೊಂಕಣಿಗೆ ಹೊರಳಿತು. ಹೊರಳಿದೊಡನೆ ಅವಳ ಬಾಯಿಂದ ‘ನೀವು’ ಬಿದ್ದುಹೋಯಿತು. “ಬಾ, ಆ ನೆರಳಲ್ಲಿ ಕೂರುವ. ಎಲ್ಲರ ಎದುರು ನಾನು ಕೇಳುವ ಹಾಗೆ ಮಾಡಬೇಡ.”

ಗೋಡೆಯ ಬದಿಯ ಬೆಂಚಿನಲ್ಲಿ ಅವನು ತುದಿಯಲ್ಲಿ ಕೂತ.

“ರಾಝಿಕ್ ಎಲ್ಲಿ?”

“ಓಡಿಹೋದ. ಕಂಪನಿಯವರು ಹೇಳಿರ್ಬೇಕಲ್ಲ.”

“ಹೇಳಿದ್ರು. ನಿನ್ನೆ ನಾನು ಎರಡು ರಾಶಿ ನೋಡಿದೆ ಕ್ಲೇಟನ್. ದೊಡ್ಡ ರಾಶಿಗೆ ನಿನ್ನ ಸೀಲು. ಗೋಡೆ ಬದಿಯದಕ್ಕೆ ಅವನದು. 'ಓಡಿಹೋದವ' ಹೋದ ವಾರ ಬಂದ ವಾಲ್ವಿಗೆ ಸೀಲು ಒತ್ತಿದ್ದಾನೆ, ಅದೂ ಎಡಗೈಯಲ್ಲಿ. ಆ ರಾಶಿ ಬೇರೆ ಮಾಡಿ ಇಟ್ಟದ್ದು ಯಾರು?”

ಕ್ಲೇಟನ್‌ನ ಕೈಗಳು ಒಂದನ್ನೊಂದು ಹಿಸುಕುತ್ತಿದ್ದವು.

“ಮಂಗಳವಾರ ನಾನು ಸದನದಲ್ಲಿ ನಿಲ್ಲುವವಳು,” ಎಂದಳು ಬೆನೆಡಿಕ್ಟಾ. “ಅಲ್ಲಿ ಹೇಳಿದ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ನಿನ್ನ ಮಕ್ಕಳು, ಮೊಮ್ಮಕ್ಕಳು ಓದಬಹುದು. ನಿನ್ನ ಹೆಸರನ್ನು ಯಾವ ಸಾಲಿನಲ್ಲಿ ಹೇಳಬೇಕು ಅಂತ ನೀನೇ ಹೇಳು. ಕೊಂದವರ ಸಾಲಿನಲ್ಲಾ, ಉಳಿಸಿದವರ ಸಾಲಿನಲ್ಲಾ?”

“ನಾನು ಯಾರನ್ನೂ ಕೊಲ್ಲಲಿಲ್ಲ.”

“ಆ ದೊಡ್ಡ ರಾಶಿಯನ್ನು ಪರೀಕ್ಷೆ ಮಾಡಿದ್ದೀಯಾ?”

ಅಂಗಳದ ಆಚೆ ಯಾರೋ ಹೆಂಗಸು ಮಗುವನ್ನು ಕರೆಯುತ್ತಿದ್ದಳು. ಕ್ಲೇಟನ್ ಆ ಕಡೆ ನೋಡಿದ, ಆಮೇಲೆ ನೆಲ ನೋಡಿದ.

“ಇಲ್ಲ,” ಎಂದ. ಆಮೇಲೆ ಮಾತು ನಿಲ್ಲಲಿಲ್ಲ. “ಮೊದಲು ಮಾಡ್ತಿದ್ದೆವು. ಈ ವರ್ಷ ಬಂದ ಮಾಲಿನಲ್ಲಿ ಒಳಗಿನ ಸ್ಪ್ರಿಂಗ್ ಸರಿ ಇಲ್ಲ. ಪಂಪ್‌ನಿಂದ ಒತ್ತಡ ಕೊಟ್ಟರೆ ಅರ್ಧಕ್ಕರ್ಧ ತೆರೆಯುವುದೇ ಇಲ್ಲ. ಪರೀಕ್ಷೆ ಬೇಡ, ಸೀಲು ಹಾಕಿ ಕಳಿಸಿ ಅಂತ ಮೇಲಿನಿಂದ ಹೇಳಿಕೆ. ರಾಝಿಕ್ ಆಗುದಿಲ್ಲ ಅಂದ. ನಾನು ಆಗ್ತದೆ ಅಂದೆ. ನಂಗೆ ಇಕಾಮಾ, ಇಲ್ಲಿರುವ ಪರವಾನಗಿ, ಹೋದರೆ ಊರಲ್ಲಿ ನಾಲ್ಕು ಹೊಟ್ಟೆ ಉಂಟು ಮೇಡಂ.”

“ಹಾಗಾದರೆ ಚಿಕ್ಕ ರಾಶಿ?”

“ನನ್ನ ತಮ್ಮ ರಾನ್ಸನ್ ಇಲ್ಲೇ ಒಂದು ಬಾಯ್ಲರ್ ಹೌಸಿನಲ್ಲಿ ಕೆಲಸ ಮಾಡುವುದು. ಅಲ್ಲಿಗೆ ಹೋಗುವ ವಾಲ್ವು ಅದು.” ಅವನು ಅಂಗೈ ತೆರೆದು ತೋರಿಸಿದ. “ಬೇರೆಯವರ ಬಾಯ್ಲರಿಗೆ ಸುಳ್ಳು ಸೀಲು ಹಾಕಿದೆ. ತಮ್ಮನದಕ್ಕೆ ಕೈ ಬರಲಿಲ್ಲ. ಪಿಕಪ್‌ನಲ್ಲಿ ಹಾಕಿ ರಾಝಿಕ್ ಇರುವಲ್ಲಿಗೆ ಒಯ್ತೇನೆ. ಅಲ್ಲಿ ಹಳೇ ಗ್ಯಾರೇಜಿನಲ್ಲಿ ಅವನು ಒಂದೊಂದನ್ನೂ ಬಿಚ್ಚಿ, ಸರಿ ಮಾಡಿ, ಪರೀಕ್ಷಿಸಿ ಸೀಲು ಹಾಕಿ ಕೊಡ್ತಾನೆ.”

“ಎಲ್ಲಿ ಅದು?”

“ಜಹ್ರಾ.” ಹೇಳಿದ ಮೇಲೆ ಅವನು ಬಾಯಿಗೆ ಕೈ ಅಡ್ಡ ಹಿಡಿದ, ತಡವಾಗಿ.

ಬೆನೆಡಿಕ್ಟಾಗೆ ಒಮ್ಮೆಲೇ ಹಗುರಾಯಿತು. ಬದುಕಿದ್ದಾನೆ, ಕೆಲಸ ಮಾಡುತ್ತಿದ್ದಾನೆ, ಅದೂ ಯಾರದೋ ಜೀವ ಉಳಿಸುವ ಕೆಲಸ. ಆದರೆ ಬಗೆಹರಿಯದ ಗಂಟು ಇನ್ನೊಂದಿತ್ತು. “ಅವನನ್ನು ಹೆದರಿಸಿ ಓಡಿಸಿದ್ದು ಯಾರು? ಅನಂತರಾಮು ಅವರಾ?”

ಕ್ಲೇಟನ್ ಮೊದಲ ಸಲ ಅವಳ ಕಣ್ಣಿಗೆ ಕಣ್ಣು ಕೊಟ್ಟ.

“ಅವನು ಓಡಿದ್ದು ಅವರಿಗೆ ಹೆದರಿ ಅಲ್ಲ ಮೇಡಂ. ನಿಮಗೆ ಹೆದರಿ.”

“ನನಗಾ?”

“ಸ್ಪ್ರಿಂಗಿನ ವಿಷಯ ಅವನು ನಿಮಗೆ ತಿಳಿಸಿದ್ದ. ಮಾರನೇ ದಿನ ಬೆಳಿಗ್ಗೆ ಅನಂತರಾಮು ಸರ್ ಅವನನ್ನು ಒಳಗೆ ಕರೆದು, ಅವನು ಹೇಳಿದ ಮಾತನ್ನೇ ಅವನಿಗೆ ಓದಿ ಹೇಳಿದ ಹಾಗೆ ಹೇಳಿದ್ರು. ಪಾಸ್‌ಪೋರ್ಟ್ ಕೊಡು, ನಾಳೆ ಪೊಲೀಸ್ ಬರ್ತಾರೆ ಅಂದ್ರು. ಎಂಪಿಯೇ ಕಂಪನಿಗೆ ಮಾರಿದ್ರೆ ಇನ್ನು ಯಾರ ಹತ್ರ ಹೋಗುದು ಅಂತ ಅದೇ ಸಂಜೆ ರೂಮು ಬಿಟ್ಟ.”

ಗರ್ಟ್ರೂಡ್. ಕಚೇರಿಗೆ ಬರುವ ಕರೆಗಳನ್ನೆಲ್ಲ ಎತ್ತುವುದು ಆಕೆಯೇ. ಬೆನೆಡಿಕ್ಟಾ ಹಲ್ಲು ಕಚ್ಚಿದಳು. “ನನಗೆ ಅಂಥ ಯಾವ ಮಾತೂ ಮುಟ್ಟಲಿಲ್ಲ ಕ್ಲೇಟನ್. ಅವನಿಗೆ ಫೋನ್ ಮಾಡು. ನಾನೇ ಹೇಳ್ತೇನೆ.”

“ನಿಮ್ಮ ಹೆಸರು ಕೇಳಿದ್ರೆ ಇಟ್ಟುಬಿಡ್ತಾನೆ.”

“ಇಡಲಿ. ಮತ್ತೆ ಮಾಡು.”

ಕ್ಲೇಟನ್ ಎದ್ದು ಗೋಡೆಯ ಮೂಲೆಗೆ ಹೋದ. ಅವನ ಕೈಸನ್ನೆಯಲ್ಲೇ ಗೊತ್ತಾಗುತ್ತಿತ್ತು, ಅತ್ತ ಕಡೆಯವನು ಒಪ್ಪುತ್ತಿಲ್ಲ.

ಕಾಯುತ್ತಾ ಕೂತ ಬೆನೆಡಿಕ್ಟಾಗೆ ಹನಾನ್‌ಳ ನೆನಪಾಯಿತು. ಆಸ್ಪತ್ರೆಯ ಹೊರಗೆ ಬೆಂಚಿನಲ್ಲಿ ಕೂತು ಬಾಗಿಲನ್ನೇ ನೋಡುವ ಮನೆಯವರನ್ನು ನರ್ಸ್ ಆಗಿದ್ದಾಗ ಅವಳು ಎಷ್ಟೋ ಕಂಡಿದ್ದಳು. ಒಳ್ಳೆಯ ಸುದ್ದಿಯನ್ನು ಒಂದು ಗಳಿಗೆಯೂ ತಡ ಮಾಡಬಾರದು ಎಂಬುದು ಆಗ ಕಲಿತ ಪಾಠ. ಅವಳು ಮೆಸೇಜ್ ಬರೆದಳು: “ನಿನ್ನ ತಮ್ಮ ಚೆನ್ನಾಗಿದ್ದಾನೆ. ಜಹ್ರಾದಲ್ಲಿದ್ದಾನೆ. ಇನ್ನು ಅಳಬೇಡ.” ಕಳಿಸಿದಳು.

ಕ್ಲೇಟನ್ ಬಂದು ಮೊಬೈಲ್ ಚಾಚಿದ. “ಒಂದೇ ನಿಮಿಷ ಅಂತೆ.”

“ರಾಝಿಕ್, ನಾನು ಬೆನೆಡಿಕ್ಟಾ.”

“ಹೇಳಿ.” ಸಪ್ಪೆಯಾದ, ನಂಬಿಕೆಯಿಲ್ಲದ ದನಿ.

“ನೀವು ನನ್ನ ಕಚೇರಿಗೆ ಫೋನ್ ಮಾಡಿದಾಗ ಯಾರು ತೆಗೆದದ್ದು? ಹೆಂಗಸಾ? ವಯಸ್ಸಾದವರಾ?”

“ನಾನು ನಿಮ್ಮ ಕಚೇರಿಗೆ ಯಾವಾಗ ಫೋನ್ ಮಾಡಿದ್ದು?”

ಬೆನೆಡಿಕ್ಟಾ ಕ್ಲೇಟನ್‌ನ ಮುಖ ನೋಡಿದಳು. “ಮತ್ತೆ ನನಗೆ ತಿಳಿಸಿದ್ದು ಹೇಗೆ?”

“ಅಕ್ಕನ ಹತ್ರ ಹೇಳಿದ್ದು. ಸ್ಪ್ರಿಂಗಿನ ವಿಷಯ, ಸೀಲಿನ ವಿಷಯ, ಎಲ್ಲ. ನಿನ್ನ ಎಂಪಿಗೆ ಹೇಳು, ಬೇರೆ ಯಾರಿಗೂ ಬೇಡ ಅಂದೆ. ರಾತ್ರಿ ಅವಳೇ ಫೋನ್ ಮಾಡಿ, ಹೇಳಿದೆ, ಮೇಡಂ ನೋಡಿಕೊಳ್ತಾರಂತೆ ಅಂದಳು. ಬೆಳಿಗ್ಗೆ ಅನಂತರಾಮು ಸರ್ ಬಾಯಲ್ಲಿ ನನ್ನದೇ ಮಾತು.”

ಚರ್ಚ್ ಹಾಲ್, ಮಡಚುವ ಕುರ್ಚಿ, ಕೀಗೊಂಚಲು, ಕಣ್ಣೀರು. ಹನಾನ್ ಅಂದು ತಮ್ಮ ಕಾಣೆಯಾದ ಕತೆ ಹೇಳಿದ್ದಳು. ಸ್ಪ್ರಿಂಗ್ ಎಂಬ ಪದ ಅವಳ ಬಾಯಿಂದ ಬಂದೇ ಇರಲಿಲ್ಲ.

“ರಾಝಿಕ್, ಸರಿಯಾಗಿ ಕೇಳಿ,” ಎಂದಳು ನಿಧಾನವಾಗಿ. “ನಿಮ್ಮ ಅಕ್ಕ ನನ್ನ ಎದುರು ಮೊದಲ ಸಲ ಬಂದು ಕೂತದ್ದು ನೀವು ಕಾಣೆಯಾದ ಮೇಲೆ. ಅದಕ್ಕೆ ಮೊದಲು ನಾನು ಅವಳ ಮುಖ ನೋಡಿದವಳಲ್ಲ. ವಾಲ್ವಿನ ವಿಷಯ ಇವತ್ತಿನ ತನಕ ಅವಳು ನನಗೆ ಹೇಳಲಿಲ್ಲ.”



“ಹಾಗಾದ್ರೆ ಅವಳು ಹೇಳಿದ್ದು ಯಾರಿಗೆ?” ಎಂದ ರಾಝಿಕ್. ಕೇಳುವಾಗಲೇ ಉತ್ತರ ಅವನಿಗೆ ಸಿಕ್ಕಿದಂತಿತ್ತು. ದನಿ ಕೊನೆಗೆ ಪಿಸುಮಾತಾಯಿತು. “ಮತ್ತೆ ನಿಮ್ಮ ಹತ್ರ ಬಂದು ಯಾಕೆ ಅತ್ತಳು?”

ಯಾಕೆಂದು ಬೆನೆಡಿಕ್ಟಾಗೆ ಈಗ ತಿಳಿದಿತ್ತು. ಅಡಗಿಕೊಂಡ ತಮ್ಮನನ್ನು ಕಂಪನಿಗೆ ಹುಡುಕಲಾಗಲಿಲ್ಲ. ಹಟ ಹಿಡಿದರೆ ಬಿಡದ ಸಂಸದೆಯೊಬ್ಬಳು ಹುಡುಕಿಯಾಳು. ಹನಾನ್, ಅವಳ ಗಂಡ ನಿಯಾಝ್, ಅವನ ಕಂಪನಿ: ಸಚೇತಕರ ಬಾಯಿಗೆ ಸೀಸದ ತುಂಡು ಹೋದ ದಾರಿಯೂ ಅದೇ. ಪಾಪ, ಗರ್ಟ್ರೂಡ್.

“ಮೇಡಂ,” ಎಂದ ರಾಝಿಕ್. “ನಾನು ಇಲ್ಲಿರುದು ಅಕ್ಕನಿಗೆ ಗೊತ್ತಿಲ್ಲ ಅಲ್ವಾ?”

ಸುಳ್ಳು ಹೇಳಬಹುದಿತ್ತು. ಅವಳು ಹೇಳಲಿಲ್ಲ.

“ಗೊತ್ತು. ಈಗಷ್ಟೇ ನಾನೇ ಹೇಳಿದೆ. ಊರಿನ ಹೆಸರು ಮಾತ್ರ. ನೀವು ಇಕ್ಕಳ ತೆಗೆದುಕೊಳ್ಳಿ, ಒಂದು ಒಳ್ಳೆಯ ವಾಲ್ವು, ಒಂದು ಕೆಟ್ಟ ವಾಲ್ವು ತೆಗೆದುಕೊಳ್ಳಿ, ಹಿಂದಿನ ಬಾಗಿಲಿನಿಂದ ಹೊರಗೆ ಬನ್ನಿ. ನಾವು ಹೊರಟೆವು.” ಅವಳು ಎದ್ದಾಗಿತ್ತು. “ಕ್ಲೇಟನ್, ಗಾಡಿ ಎಲ್ಲುಂಟು? ಯಲ್ಲಾ, ನಡಿ.”

ಅವರು ಅಂಗಳ ದಾಟುವಷ್ಟರಲ್ಲಿ ಅವಳ ಕೈಯಲ್ಲಿದ್ದ ಮೊಬೈಲ್ ನಡುಗಿತು. ಹನಾನ್‌ಳ ಉತ್ತರ.

“ಅಲ್‌ಹಮ್ದುಲಿಲ್ಲಾಹ್. ಇನ್ನು ನೀವು ತೊಂದರೆ ತಗೊಳ್ಬೇಡಿ ಮೇಡಂ. ನಿಮ್ಮ ಫೋಟೋ ನೋಡಿ ಅನಂತರಾಮು ಸರ್‌ಗೆ ಕ್ಲೇಟನ್ ಮೇಲೆ ಸಂಶಯ ಬಂತು. ನಿಯಾಝ್ ಬೆಳಿಗ್ಗೆಯೇ ಕುವೈತಿಗೆ ಇಳಿದಿದ್ದಾರೆ. ಅನಂತರಾಮು ಸರ್ ಗಾಡಿಯಲ್ಲಿ ಚರ್ಚಿನ ಹೊರಗೆ ಕ್ಲೇಟನ್ ಪಿಕಪ್‌ನ ಹಿಂದೆಯೇ ನಿಂತಿದ್ದಾರೆ.”